ಬೇರಿಗೆ ಕಟ್ಟಿದ ಚೀಲ, ಗೊನೆಗೆ ಏರಿದ ಔಷಧ

1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಪತ್ತೆಯಾದ ತೆಂಗಿನ ನುಸಿ ಬಹುಬೇಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಳಿಗೂ ಬಂತು. ಬರಿಗಣ್ಣಿಗೆ ಕಾಣದ ಈ ಜೀವಿ ಎಳೆಗಾಯಿಯ ತೊಟ್ಟಿನ ಹಾಳೆಗಳ ಅಡಿ ಸೇರಿ ರಸ ಹೀರುತ್ತದೆ. ಸಿಂಪಡಿಸಿದ ಔಷಧ ಅಲ್ಲಿಗೆ ತಲುಪುವುದು ಕಷ್ಟ. ಆದ್ದರಿಂದ ಬೇರಿನ ದಾರಿ ಹಿಡಿಯಬೇಕಾಯಿತು. ಪೆನ್ಸಿಲ್ ಗಾತ್ರದ ಜೀವಂತ ಬೇರನ್ನು ಓರೆಯಾಗಿ ಕತ್ತರಿಸಿ, ಔಷಧ ತುಂಬಿದ ಪಾಲಿಥೀನ್ ಚೀಲದೊಳಗೆ ಇಳಿಸಿ ಕಟ್ಟುವ ಕ್ರಮವಿದು. ಮರುದಿನ ನೋಡಿದರೆ ಚೀಲ ಬರಿದು! ಹೃದಯವಿಲ್ಲದ ಮರ ಅದನ್ನು ಅಷ್ಟೆತ್ತರಕ್ಕೆ ಏರಿಸಿದ್ದು ಹೇಗೆ?

ಪ್ರಶ್ನೆ ಹಳೆಯದು. ರಕ್ತವು ಹೃದಯದಿಂದ ಹೊರಟು ಹೃದಯಕ್ಕೇ ಮರಳುತ್ತದೆಂದು ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿದ ಮೇಲೆ, ಗಿಡದ ರಸವೂ ಹೀಗೆಯೇ ಸುತ್ತುತ್ತಿರಬೇಕೆಂದು ಹಲವರು ಭಾವಿಸಿದರು. ಅದನ್ನು ಅಳತೆಗೆ ಒಡ್ಡಿದವನು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಈತ ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ 8 ಅಡಿಗೂ ಮೇಲೇರಿತು. ಸೂರ್ಯಕಾಂತಿಯ ಕುಂಡದ ಬಾಯನ್ನು ಸೀಸದ ತಗಡಿನಿಂದ ಮುಚ್ಚಿ ದಿನವೂ ತೂಗಿದಾಗ, ಹಗಲಿನ 12 ಗಂಟೆಗಳಲ್ಲಿ ಸರಾಸರಿ ಅರ್ಧ ಕಿಲೋಗೂ ಹೆಚ್ಚು ನೀರು ಗಿಡದಿಂದ ಹೊರಟುಹೋಗುತ್ತಿತ್ತು. ಗಿಡದಲ್ಲಿ ರಕ್ತದಂಥ ಪರಿಚಲನೆ ಇಲ್ಲವೆಂದು 1727ರ ತನ್ನ ಪುಸ್ತಕದಲ್ಲಿ ಆತ ವಾದಿಸಿದ.

ನಮ್ಮ ತೋಟದ ಚೀಲಕ್ಕೆ ಇನ್ನೂ ಹತ್ತಿರವಾದ ಪ್ರಯೋಗ ನಡೆದದ್ದು ಜರ್ಮನಿಯ ಬಾನ್‌ನಲ್ಲಿ. 1891ರ ಸುಮಾರಿಗೆ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ 20 ಮೀಟರ್‌ಗೂ ಎತ್ತರದ ಮರವನ್ನು ಬುಡದಲ್ಲಿ ಕೊಯ್ದು ವಿಷದ್ರಾವಣದಲ್ಲಿ ನಿಲ್ಲಿಸಿದ. ಕಾಂಡದ ಜೀವಕೋಶಗಳು ಸತ್ತರೂ ದ್ರವ ಏರುತ್ತಲೇ ಇತ್ತು! ಹಾಗಾದರೆ ಎತ್ತುವವರು ಯಾರು? ಡಬ್ಲಿನ್‌ನ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಉತ್ತರ ಕೊಟ್ಟರು. ಎಲೆಯಿಂದ ಆವಿಯಾಗುವ ನೀರು ತನ್ನ ಹಿಂದಿನ ನೀರನ್ನು ಎಳೆಯುತ್ತದೆ. ಅಣುಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಆ ಎಳೆ ಸುಲಭವಾಗಿ ಕಡಿಯದು. (ಮಿಡಿಯುವ ಜೀವಕೋಶಗಳೇ ರಸವನ್ನು ಏರಿಸುತ್ತವೆಂದು ಜಗದೀಶಚಂದ್ರ ಬೋಸರು 1923ರಲ್ಲಿಯೂ ವಾದಿಸಿದರು. ಆ ವಾದ ನಿಲ್ಲಲಿಲ್ಲ.)

ಬೇವು, ಹಲಸಿನಂಥ ಮರಗಳು ವರ್ಷ ವರ್ಷವೂ ಹೊಸ ನಾಳಗಳ ಪದರ ಕಟ್ಟಿಕೊಳ್ಳುತ್ತವೆ. ತೆಂಗಿಗೆ ಆ ಸೌಲಭ್ಯವಿಲ್ಲ. ಅಜ್ಜ ನೆಟ್ಟ ಮರದ ಬುಡದಲ್ಲಿ ಇಂದು ನೀರೇರುವುದು ಅಜ್ಜನ ಕಾಲದ ಕ್ಸೈಲಂ ನಾಳಗಳಲ್ಲೇ.

ಈ ನಾಳಗಳಿಗೆ ನೀರು ಯಾವುದು, ವಿಷ ಯಾವುದು ಎಂಬ ಭೇದ ಹೆಚ್ಚಿಲ್ಲ. ಏರಿದ ಔಷಧ ಕಾಯಿಗೂ ಸೇರಬಲ್ಲದು. ನಮ್ಮ ರಕ್ತ ಸುಮಾರು ಒಂದು ನಿಮಿಷದಲ್ಲಿ ಮೈಯೆಲ್ಲ ಸುತ್ತಿ ಬರುತ್ತದೆ, ಮೂತ್ರಪಿಂಡ ಅದನ್ನು ಸೋಸುತ್ತದೆ. ಕಾಯಿಗೆ ಸೋಸುವ ಅಂಗವಿಲ್ಲ. ಔಷಧ ತಾನಾಗಿ ವಿಘಟನೆಯಾಗುವವರೆಗೆ ಕಾಯಬೇಕು. ಬಲಿತ ಕಾಯನ್ನು ಮೊದಲೇ ಇಳಿಸಿ, ಔಷಧ ಉಣಿಸಿದ ಮೇಲೆ 45 ದಿನ ಕೊಯ್ಯಬೇಡಿ ಎಂಬ ಸಲಹೆ ಇದಕ್ಕಾಗಿಯೇ. ಆದರೆ ತೆಂಗಿನಲ್ಲಿ ಎಲ್ಲ ವಯಸ್ಸಿನ ಗೊನೆಗಳೂ ಒಟ್ಟಿಗೇ ಇರುತ್ತವೆ. ಉಂಡೆ ಕೊಬ್ಬರಿಗೆಂದು ತಿಂಗಳುಗಟ್ಟಲೆ ಅಟ್ಟದಲ್ಲಿಡುವ ಕಾಯಿಗೆ ಅವಸರವಿಲ್ಲ; ಎಳನೀರಿಗೆ ಬಂದ ವ್ಯಾಪಾರಿ 45 ದಿನ ಕಾಯುವನೇ?

ಹಿಂದೆ ಇಂಥ ಚೀಲಗಳಿಗೆ ತುಂಬುತ್ತಿದ್ದ ಮಾನೋಕ್ರೋಟೋಫಾಸ್‌ನ 36 ಎಸ್.ಎಲ್. ರೂಪವನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿತು. ಬೇವಿನಿಂದ ಪಡೆದ ಅಜಾಡಿರಾಕ್ಟಿನ್ ಕೂಡ ಇದೇ ದಾರಿಯಲ್ಲಿ ಏರುತ್ತದೆ. ಅದಕ್ಕೂ 45 ದಿನಗಳ ಸಲಹೆಯುಂಟು.