ಬ್ಯಾಟರಿಯಲ್ಲಿ ಇನ್ನೆಷ್ಟು ಉಳಿದಿದೆ?

ಊರಿಗೆ ವಿದ್ಯುತ್ತಿನ ತಂತಿ ಬರುವುದಕ್ಕೆ ಮೊದಲೇ ರೇಡಿಯೋ ಇಟ್ಟುಕೊಂಡಿದ್ದ ಮನೆಗಳಿಗೆ ಒಂದು ಚಿಂತೆ ತಪ್ಪುತ್ತಿರಲಿಲ್ಲ. ರಾತ್ರಿಯ ಕಚೇರಿ ಕಾವೇರುವ ಹೊತ್ತಿಗೆ ಸರಿಯಾಗಿ ಹಾಡುಗಾರರ ಧ್ವನಿ ಸಣ್ಣಗಾಗುವುದು, ಆಮೇಲೆ ನಿಂತೇ ಹೋಗುವುದು. ಮರುದಿನ ಸೀಸದ ಬ್ಯಾಟರಿಯನ್ನು ಚಾರ್ಜು ಮಾಡುವ ಅಂಗಡಿಗೆ ಹೊತ್ತುಕೊಂಡು ಹೋಗಬೇಕು. ಈಗ ಅಂಗೈಯಲ್ಲಿರುವ ಮೊಬೈಲ್ ಫೋನು ಶೇಕಡಾ ಇಷ್ಟು ಉಳಿದಿದೆ ಎಂದು ಮೂಲೆಯಲ್ಲಿ ಅಂಕಿ ಬರೆದು ತೋರಿಸುತ್ತದೆ. ಆದರೂ ಶೇಕಡಾ 30 ಎಂದು ಹೇಳುತ್ತಿದ್ದ ಯಂತ್ರ ಕಣ್ಣೆದುರಿಗೇ ಆರಿಹೋಗುವುದುಂಟು. ಫೋನಾದರೆ ಗೊಣಗಿ ಸುಮ್ಮನಾಗಬಹುದು. ಆಸ್ಪತ್ರೆಯಲ್ಲಿ ರೋಗಿಯೊಡನೆ ಕೋಣೆಯಿಂದ ಕೋಣೆಗೆ ಸಾಗುವ ಉಸಿರಾಟದ ಯಂತ್ರದಲ್ಲಿ ಆ ಅಂಕಿ ಸುಳ್ಳಾದರೆ?

ವಿಚಿತ್ರವೆಂದರೆ, ಹಳೆಯ ಬ್ಯಾಟರಿ ಈ ವಿಷಯದಲ್ಲಿ ಹೊಸದಕ್ಕಿಂತ ಪ್ರಾಮಾಣಿಕವಾಗಿತ್ತು. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರಚಿಸಿದ ಸೀಸದ ಬ್ಯಾಟರಿಯಲ್ಲಿ ಗಂಧಕಾಮ್ಲವೂ ಕೆಲಸದಲ್ಲಿ ಪಾಲುಗಾರ. ವಿದ್ಯುತ್ತು ಹೊರಗೆ ಹರಿದಂತೆಲ್ಲ ಆಮ್ಲ ಖರ್ಚಾಗಿ, ದ್ರವ ನೀರಾಗುತ್ತ ಬರುತ್ತದೆ. ರಬ್ಬರಿನ ಬುಗ್ಗೆಯಿರುವ ಗಾಜಿನ ನಳಿಗೆಯಿಂದ ಒಂದಿಷ್ಟು ದ್ರವ ಹೀರಿ, ಅದರಲ್ಲಿ ತೇಲುವ ಮಾಪಕ ನೋಡಿದರೆ ಸಾಕು. ಸಾಂದ್ರತೆ 1.28ರ ಹತ್ತಿರವಿದ್ದರೆ ತುಂಬಿದೆ, 1.12ರ ಸುಮಾರಿಗೆ ಇಳಿದರೆ ಬರಿದಾಗಿದೆ. ಅಂಗಡಿಯವನಿಗೆ ಬೇರೆ ಶಾಸ್ತ್ರ ಬೇಕಿರಲಿಲ್ಲ.

ಇನ್ನೊಂದು ದಾರಿಯೂ ಆಗಲೇ ತೆರೆದಿತ್ತು. ಹರಿದ ವಿದ್ಯುತ್ತಿಗೂ ಕರಗಿದ ಲೋಹಕ್ಕೂ ಕರಾರುವಾಕ್ಕಾದ ಲೆಕ್ಕವಿದೆಯೆಂದು ಮೈಕೆಲ್ ಫ್ಯಾರಡೆ 1834ರ ಹೊತ್ತಿಗೆ ತೋರಿಸಿದ್ದ. ಎಡಿಸನ್ ಇದನ್ನು ವ್ಯಾಪಾರಕ್ಕೆ ಹಚ್ಚಿದ. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರದಿಂದ ದೀಪಗಳಿಗೆ ವಿದ್ಯುತ್ತು ಕೊಡತೊಡಗಿದಾಗ ಅವನ ಮೀಟರಿನಲ್ಲಿ ಮುಳ್ಳೂ ಇರಲಿಲ್ಲ, ಅಂಕಿಯೂ ಇರಲಿಲ್ಲ. ಗಾಜಿನ ಭರಣಿಯಲ್ಲಿ ಸತುವಿನ ಫಲಕಗಳು. ಮನೆಗೆ ಹೋಗುವ ವಿದ್ಯುತ್ತಿನ ಒಂದು ಸಣ್ಣ ಪಾಲು ಅವುಗಳ ಮೂಲಕ ಹಾಯುತ್ತಿತ್ತು. ಕಂಪೆನಿಯವರು ಬಂದು ಫಲಕ ಒಯ್ದು, ತೂಗಿ, ವ್ಯತ್ಯಾಸ ನೋಡಿ ಬಿಲ್ಲು ಮಾಡುತ್ತಿದ್ದರು. ಚಳಿಗೆ ದ್ರಾವಣ ಹೆಪ್ಪುಗಟ್ಟದಂತೆ ಪೆಟ್ಟಿಗೆಯೊಳಗೆ ಒಂದು ದೀಪವನ್ನೂ ಇಟ್ಟಿದ್ದರು. ಗಿರಾಕಿಗೆ ಮಾತ್ರ ತನ್ನ ಲೆಕ್ಕ ತಾನು ನೋಡುವ ಉಪಾಯವಿರಲಿಲ್ಲ. ಅವನು ನಂಬಬೇಕು, ಅಷ್ಟೆ!

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಬೀದಿಗಳಲ್ಲಿ ಬ್ಯಾಟರಿಯ ಕಾರುಗಳು ಓಡಿದಾಗ, ಹರಿದುಹೋದದ್ದನ್ನು ಎಣಿಸುವ ಆಂಪಿಯರ್-ಗಂಟೆ ಮಾಪಕಗಳು ಅವುಗಳಲ್ಲಿ ಕೂತವು. ತೊಡಕೂ ಅಲ್ಲೇ ಗೊತ್ತಾಯಿತು. ಒಳಗೆ ತುಂಬಿದ್ದೆಲ್ಲ ಹೊರಗೆ ಬರುವುದಿಲ್ಲ, ದಾರಿಯಲ್ಲಿ ಸೋರಿಕೆಯಿದೆ. ಅದೂ ಅಲ್ಲದೆ, ಅವಸರದಿಂದ ಬಸಿದರೆ ಬ್ಯಾಟರಿ ಕಡಿಮೆ ಕೊಡುತ್ತದೆ, ನಿಧಾನವಾಗಿ ಬಸಿದರೆ ಹೆಚ್ಚು ಕೊಡುತ್ತದೆ. ಇದನ್ನು ಜರ್ಮನಿಯ ಪಾಯ್ಕರ್ಟ್ 1897ರಲ್ಲೇ ಸೂತ್ರಕ್ಕೆ ಇಳಿಸಿದ್ದ. ಅಂದರೆ ಕೊಡದ ಅಳತೆಯೇ ನೀರು ಸುರಿಯುವ ರೀತಿಯನ್ನು ಅವಲಂಬಿಸಿ ಬದಲಾಗುತ್ತದೆ.

1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಇದರೊಳಗಿನ ದ್ರವ ಲಿಥಿಯಂ ಅಯಾನುಗಳನ್ನು ಆಚೆಯಿಂದ ಈಚೆಗೆ ದಾಟಿಸುವ ಅಂಬಿಗ ಮಾತ್ರ. ಸೀಸದ ಬ್ಯಾಟರಿಯ ಆಮ್ಲದಂತೆ ತಾನು ಖರ್ಚಾಗುವುದಿಲ್ಲ. ಬಿಗಿಯಾಗಿ ಮುಚ್ಚಿದ್ದರಿಂದ ನಳಿಗೆ ಇಳಿಸುವಂತೆಯೂ ಇಲ್ಲ. ಉಳಿದದ್ದು ಎರಡೇ: ವೋಲ್ಟೇಜು ನೋಡುವುದು, ಹರಿದದ್ದನ್ನು ಎಣಿಸುವುದು.

ವೋಲ್ಟೇಜು ಸಾಮಾನ್ಯ ಕೋಶದಲ್ಲಿ ತುಂಬಿದಾಗ 4.2, ಬರಿದಾದಾಗ ಸುಮಾರು 3. ಆದರೆ ಕೆಲಸ ಮಾಡುತ್ತಿರುವಾಗ ಅದು ಕುಗ್ಗುತ್ತದೆ. ಚಳಿಯಲ್ಲಿ, ಮುಪ್ಪಿನಲ್ಲಿ ಒಳಗಿನ ತಡೆ ಹೆಚ್ಚಿ ಇನ್ನಷ್ಟು ಕುಗ್ಗುತ್ತದೆ. ಆಗ ಒಳಗೆ ಸಾಮಾನು ಇದ್ದರೂ ಯಂತ್ರ ನಿಲ್ಲುತ್ತದೆ. 2016ರಲ್ಲಿ ಕೆಲವು ಐಫೋನುಗಳು ಹೀಗೆ ಹಠಾತ್ತಾಗಿ ಆರಿದವು. ಹಳೆಯ ಬ್ಯಾಟರಿಯಿರುವ ಫೋನುಗಳ ವೇಗವನ್ನು ತಾನೇ ತಗ್ಗಿಸಿರುವುದಾಗಿ ಆ ಕಂಪೆನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಕಬ್ಬಿಣದ ಫಾಸ್ಫೇಟು ಬಳಸುವ ಬಗೆಯಲ್ಲಂತೂ ವೋಲ್ಟೇಜು ನಡುವಿನ ಬಹುಭಾಗ 3.3ರ ಆಸುಪಾಸಿನಲ್ಲೇ ಮಲಗಿರುತ್ತದೆ. ಅದನ್ನು ನೋಡಿ ಅರ್ಧವೋ ಮುಕ್ಕಾಲೋ ಹೇಳುವುದು ಕಷ್ಟ.

ಎಣಿಸುವ ಕೆಲಸವನ್ನು ಬ್ಯಾಟರಿಯ ಜೊತೆಗೇ ಕೂರುವ ಪುಟ್ಟ ಚಿಪ್ಪು ಮಾಡುತ್ತದೆ. ಅತಿ ಸಣ್ಣ ತಡೆಯೊಂದರ ಮೂಲಕ ವಿದ್ಯುತ್ತು ಹಾಯಿಸಿ, ಅಲ್ಲಿ ಏಳುವ ಅತ್ಯಲ್ಪ ವೋಲ್ಟೇಜನ್ನು ಓದುತ್ತದೆ. ತಡೆ 0.01 ಓಮ್ ಎನ್ನಿ. ಓದುವಾಗ ಒಂದು ವೋಲ್ಟಿನ ಲಕ್ಷದಲ್ಲೊಂದು ಭಾಗ ತಪ್ಪಿದರೆ 1 ಮಿಲಿಆಂಪಿಯರಿನ ತಪ್ಪು. ದಿನಕ್ಕೆ 24 ಮಿಲಿಆಂಪಿಯರ್-ಗಂಟೆ. ಬ್ಯಾಟರಿ 3000ದ್ದಾದರೆ ಹತ್ತು ದಿನಕ್ಕೆ ಶೇಕಡಾ 8! ಶಾನುಭೋಗರು ದಿನಕ್ಕೆ ಒಂದು ಕಾಸು ತಪ್ಪಿ ಬರೆದರೂ ವರ್ಷದ ಕೊನೆಗೆ ಖಾತೆ ಎಲ್ಲಿ ನಿಂತೀತು?

ಆದ್ದರಿಂದ ಒಳ್ಳೆಯ ಮಾಪಕಗಳು ಎರಡನ್ನೂ ಜೋಡಿಸುತ್ತವೆ. ಓಡುವಾಗ ಎಣಿಕೆ, ವಿಶ್ರಾಂತಿಯಲ್ಲಿ ವೋಲ್ಟೇಜು ನೋಡಿ ತಿದ್ದುಪಡಿ. ಗಂಟೆಗಟ್ಟಲೆ ಸುಮ್ಮನಿದ್ದ ಬ್ಯಾಟರಿಯ ವೋಲ್ಟೇಜು ಬಹುಮಟ್ಟಿಗೆ ನಿಜ ಹೇಳುತ್ತದೆ. ಒಂದು ವಿಶ್ರಾಂತಿಯಲ್ಲಿ ಶೇಕಡಾ 95, ಮುಂದಿನದರಲ್ಲಿ 15 ಕಂಡಿತೆನ್ನೋಣ. ನಡುವೆ ಹರಿದದ್ದು 2000. ಹಾಗಾದರೆ ಪೂರ್ತಿ ಹಿಡಿಯುವುದು 2500 ಮಾತ್ರ, ಮೇಲಿನ ಚೀಟಿ 3000 ಎಂದರೂ ಸರಿಯೆ. ಹೀಗೆ ಚಿಪ್ಪು ಮುಪ್ಪನ್ನೂ ಕಲಿಯುತ್ತದೆ.

ಕಲಿಯಲು ಬಿಡುವು ಸಿಗದಿದ್ದರೆ ಅಂಕಿ ಕೆಡುತ್ತದೆ. ಸದಾ ಚಾರ್ಜಿಗೆ ಸಿಕ್ಕಿಸಿಟ್ಟ ಲ್ಯಾಪ್‌ಟಾಪಿನ ಬ್ಯಾಟರಿ ಇದಕ್ಕೆ ಒಳ್ಳೆಯ ಉದಾಹರಣೆ. ರಿಪೇರಿಯವರು ಮೊದಲು ನೋಡಬೇಕಾದದ್ದೂ ಇಂಥವೇ: ಚಿಪ್ಪಿನಲ್ಲಿ ಬರೆದ ಧಾರಣಶಕ್ತಿ ಈ ಕೋಶದ್ದೇ ಹೌದೋ, ಕೋಶದ ಬಗೆ ಸರಿಯಾಗಿ ನಮೂದಾಗಿದೆಯೋ, ಎಣಿಸುವ ತಡೆಯನ್ನು ತಪ್ಪಿಸಿ ಬೇರೆ ದಾರಿಯಲ್ಲಿ ವಿದ್ಯುತ್ತು ಹರಿಯುತ್ತಿದೆಯೋ ಎಂಬುದು. ಇದಾವುದನ್ನೂ ನೋಡದೆ ಎಷ್ಟೋ ಗಟ್ಟಿ ಬ್ಯಾಟರಿಗಳನ್ನು ಕಸಕ್ಕೆ ಎಸೆಯುತ್ತಾರೆ. ಹಳೆಯ ಕೋಶ ತೆಗೆದು ಹೊಸತು ಬೆಸೆದು ಚಿಪ್ಪಿಗೆ ಹೇಳುವುದನ್ನು ಮರೆತರಂತೂ ಅದು ಸತ್ತ ಕೋಶದ ಖಾತೆಯನ್ನೇ ಮುಂದುವರಿಸುತ್ತದೆ. ಆಗ ಲೆಕ್ಕವನ್ನು ಮೊದಲಿನ ಸ್ಥಿತಿಗೆ ತಂದು, ಪೂರ್ತಿ ತುಂಬಿಸಿ ಒಂದೆರಡು ಗಂಟೆ ಸುಮ್ಮನೆ ಬಿಟ್ಟು, ಯಂತ್ರ ನಿಲ್ಲುವವರೆಗೆ ಬಸಿದು, ಸುಮಾರು ಐದು ಗಂಟೆ ಮುಟ್ಟದೆ ಇಟ್ಟು, ಮತ್ತೆ ತುಂಬಬೇಕು. ಪದೇ ಪದೇ ಮಾಡುವ ಕೆಲಸವಲ್ಲ ಇದು. ಪೂರ್ತಿ ಬಸಿಯುವುದರಿಂದ ಕೋಶಕ್ಕೂ ಸವಕಳಿಯಿದೆ.