ಶಾಲೆಗಳಲ್ಲಿ ಸಂಕಷ್ಟದಲ್ಲಿರುವ ಮಕ್ಕಳ ಪಾಲನೆ ಮತ್ತು ನೆರವು: ಸೌಲಭ್ಯಗಳು, ಸಮನ್ವಯ ಹಾಗೂ ಅರ್ಜಿ ಸಲ್ಲಿಸುವ ವಿಧಾನ

ಪೀಠಿಕೆ

ಕರ್ನಾಟಕದಲ್ಲಿ ಸಂಕಷ್ಟದಲ್ಲಿರುವ ಮಕ್ಕಳಿಗಾಗಿ ಶಿಕ್ಷಣ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಆರೋಗ್ಯ, ಕಾರ್ಮಿಕ, ಸಮಾಜ ಕಲ್ಯಾಣ ಹಾಗೂ ಪೊಲೀಸ್ ಇಲಾಖೆಗಳು ಪ್ರತ್ಯೇಕ ಕಾರ್ಯಕ್ರಮಗಳನ್ನು ನಿರ್ವಹಿಸುತ್ತವೆ. ಮಗುವಿನ ಕಷ್ಟವು ಮಾತ್ರ ಇಲಾಖೆಗಳಂತೆ ವಿಂಗಡಣೆಯಾಗಿರುವುದಿಲ್ಲ. ತಂದೆಯನ್ನು ಕಳೆದುಕೊಂಡ ಆರನೇ ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ಏಕಕಾಲದಲ್ಲಿ ಆರ್ಥಿಕ ನೆರವು, ವಸತಿ, ಆರೋಗ್ಯ ತಪಾಸಣೆ ಮತ್ತು ಬಾಲ್ಯವಿವಾಹದಿಂದ ರಕ್ಷಣೆ ಬೇಕಾಗಬಹುದು. ಒಂದು ಕಚೇರಿಯಿಂದ ಮತ್ತೊಂದು ಕಚೇರಿಗೆ ಮಾಹಿತಿ ತಲುಪುವ ಮೊದಲೇ ಅಂತಹ ಮಗು ಶಾಲೆ ಬಿಟ್ಟು ಕೂಲಿಗೆ ಹೋಗುವ ಸಂಭವವಿರುತ್ತದೆ. ಮಗು ಪ್ರತಿದಿನ ಬಂದು ಹೋಗುವ ಸ್ಥಳ ಶಾಲೆಯಾದ ಕಾರಣ, ಈ ಎಲ್ಲ ಕಾರ್ಯಕ್ರಮಗಳ ಸಮನ್ವಯವು ಶಾಲೆಯಿಂದಲೇ ಆರಂಭವಾಗುತ್ತದೆ. ಪೋಷಕರು, ಪಾಲಕರು ಹಾಗೂ ಸಾರ್ವಜನಿಕರು ಯಾವ ಸೌಲಭ್ಯಕ್ಕೆ ಯಾರನ್ನು ಸಂಪರ್ಕಿಸಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಯಾವ ಮಕ್ಕಳು ಈ ನೆರವಿಗೆ ಅರ್ಹರು

ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರನ್ವಯ 18 ವರ್ಷ ಪೂರ್ಣಗೊಳ್ಳದ ಪ್ರತಿಯೊಬ್ಬರೂ ಮಗುವೆಂದು ಪರಿಗಣಿಸಲ್ಪಡುತ್ತಾರೆ. ಸಾಮಾನ್ಯವಾಗಿ ಕೆಳಕಂಡ ಮಕ್ಕಳಿಗೆ ವಿಶೇಷ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುತ್ತದೆ:

ಅ) ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿರುವವರು;
ಆ) ವಿಧವೆ, ವಿಚ್ಛೇದಿತೆ ಅಥವಾ ಪರಿತ್ಯಕ್ತೆಯಾದ ತಾಯಿಯ ಮಕ್ಕಳು;
ಇ) ಪೋಷಕರು ಮಾರಣಾಂತಿಕ ಕಾಯಿಲೆಯಿಂದ ಬಳಲುತ್ತಿರುವ ಅಥವಾ ದುಡಿಯಲು ಅಶಕ್ತರಾಗಿರುವ ಕುಟುಂಬದ ಮಕ್ಕಳು;
ಈ) ದುಡಿಮೆಗೆ, ಭಿಕ್ಷಾಟನೆಗೆ, ಸಾಗಾಣಿಕೆಗೆ ಅಥವಾ ಬಾಲ್ಯವಿವಾಹಕ್ಕೆ ಗುರಿಯಾದವರು ಅಥವಾ ಗುರಿಯಾಗುವ ಸಂಭವವುಳ್ಳವರು;
ಉ) ವಿಕಲಚೇತನ ಮಕ್ಕಳು ಹಾಗೂ ಹೆಚ್.ಐ.ವಿ. ಸೋಂಕಿತ ಅಥವಾ ಬಾಧಿತ ಮಕ್ಕಳು;
ಊ) ಕೆಲಸ ಅರಸಿ ವಲಸೆ ಹೋಗುವ ಕುಟುಂಬಗಳ ಮಕ್ಕಳು.

2. ಶಾಲೆಯಲ್ಲಿ ದೊರೆಯುವ ಮೂಲಭೂತ ಸೌಲಭ್ಯಗಳು

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಈ ಕೆಳಗಿನ ಹಕ್ಕುಗಳಿವೆ:

ಅ) ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.
ಆ) ವರ್ಗಾವಣೆ ಪತ್ರ ತರಲು ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸುವಂತಿಲ್ಲ, ವಿಳಂಬಿಸುವಂತಿಲ್ಲ. ವಲಸೆ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.
ಇ) ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ದಾಖಲಿಸಿ, ವಿಶೇಷ ತರಬೇತಿ ನೀಡತಕ್ಕದ್ದು.
ಈ) ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆಯನ್ನು ನಿಷೇಧಿಸಲಾಗಿದೆ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 1ರಿಂದ 10ನೇ ತರಗತಿಯ ಮಕ್ಕಳಿಗೆ ಅಕ್ಷರ ದಾಸೋಹದಡಿ ಮಧ್ಯಾಹ್ನದ ಬಿಸಿಯೂಟ ನೀಡಲಾಗುತ್ತದೆ. ಕ್ಷೀರಭಾಗ್ಯ ಯೋಜನೆಯು 2013ರಲ್ಲಿ ಆರಂಭವಾಯಿತು. ಅದೇ ವರ್ಷ ಜಾರಿಗೆ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ಆರೋಗ್ಯ ತಂಡಗಳು ಶಾಲೆಗಳಿಗೆ ಭೇಟಿ ನೀಡಿ ಜನ್ಮಜಾತ ದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ ಮತ್ತು ಬೆಳವಣಿಗೆಯ ಕುಂಠಿತಗಳನ್ನು ಪತ್ತೆ ಹಚ್ಚಿ, ಹೆಚ್ಚಿನ ಚಿಕಿತ್ಸೆಗೆ ಶಿಫಾರಸು ಮಾಡುತ್ತವೆ.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರನ್ವಯ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ ಮಕ್ಕಳು 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣಕ್ಕೆ ಅರ್ಹರು. ಹೆಚ್.ಐ.ವಿ. ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017ರನ್ವಯ ಸೋಂಕಿನ ಕಾರಣಕ್ಕೆ ಯಾವುದೇ ಮಗುವಿಗೆ ಶಾಲೆಯಲ್ಲಿ ತಾರತಮ್ಯ ಮಾಡುವಂತಿಲ್ಲ.

3. ಗೈರುಹಾಜರಿ: ಮೊದಲ ಎಚ್ಚರಿಕೆ

ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಆ ನಂತರ ರಾಜ್ಯದಲ್ಲಿ ಅನುಮತಿಯಿಲ್ಲದೆ ಸತತ ಏಳು ದಿನ ಗೈರುಹಾಜರಾದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗುವೆಂದು ಪರಿಗಣಿಸುವ ಕ್ರಮ ಜಾರಿಗೆ ಬಂದಿತು. ಅದಕ್ಕೂ ಮೊದಲು ಈ ಅವಧಿಯು 60 ದಿನಗಳಾಗಿತ್ತು. ಎರಡು ತಿಂಗಳು ಕೆಲಸಕ್ಕೆ ಹೋದ ಮಗುವನ್ನು ಮರಳಿ ತರಗತಿಗೆ ಕರೆತರುವುದು ಕಷ್ಟಸಾಧ್ಯ. ಏಳು ದಿನಗಳೊಳಗೆ ಮನೆಗೆ ಭೇಟಿ ನೀಡಿದಲ್ಲಿ ಕಾರಣವನ್ನು ಅರಿತು ಸರಿಪಡಿಸುವ ಅವಕಾಶವಿರುತ್ತದೆ.

ಆದುದರಿಂದ ಕುಟುಂಬದಲ್ಲಿ ಸಾವು, ಕಾಯಿಲೆ, ವಲಸೆ ಮುಂತಾದ ಕಾರಣಗಳಿಂದ ಮಗು ಶಾಲೆಗೆ ಬರಲಾಗದಿದ್ದಲ್ಲಿ ಪಾಲಕರು ಅದನ್ನು ಮರೆಮಾಚದೆ ತರಗತಿ ಶಿಕ್ಷಕರಿಗೆ ಅಥವಾ ಮುಖ್ಯೋಪಾಧ್ಯಾಯರಿಗೆ ಕೂಡಲೇ ತಿಳಿಸುವುದು ಸೂಕ್ತ. ಸಂಕಷ್ಟವನ್ನು ತಿಳಿಸಿದ ಕಾರಣಕ್ಕೆ ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯಲಾಗುವುದಿಲ್ಲ.

4. ಸಮನ್ವಯದ ಹೊಣೆ ಯಾರದು

ಅ) ಮುಖ್ಯೋಪಾಧ್ಯಾಯರು: ಶಾಲಾ ಹಂತದಲ್ಲಿ ಸಂಕಷ್ಟದಲ್ಲಿರುವ ಮಗುವನ್ನು ಗುರುತಿಸಿ ಸಂಬಂಧಿತ ಅಧಿಕಾರಿಗಳಿಗೆ ಮಾಹಿತಿ ನೀಡುವುದು, ವ್ಯಾಸಂಗ ಮತ್ತು ಹಾಜರಾತಿ ಪ್ರಮಾಣಪತ್ರ ಒದಗಿಸುವುದು.
ಆ) ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.): ಪೋಷಕರೇ ಬಹುಸಂಖ್ಯೆಯಲ್ಲಿರುವ ಈ ಸಮಿತಿಯು ಮಕ್ಕಳ ದಾಖಲಾತಿ ಮತ್ತು ಹಾಜರಾತಿಯ ಮೇಲೆ ನಿಗಾ ವಹಿಸುತ್ತದೆ.
ಇ) ಕ್ಷೇತ್ರ ಶಿಕ್ಷಣಾಧಿಕಾರಿಗಳು: ತಾಲ್ಲೂಕು ಹಂತದಲ್ಲಿ ಪ್ರವೇಶ, ವಿಶೇಷ ತರಬೇತಿ ಮತ್ತು ಸಮನ್ವಯ ಶಿಕ್ಷಣದ ವಿಷಯಗಳು.
ಈ) ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು (ಸಿ.ಡಿ.ಪಿ.ಓ.): ತಾಲ್ಲೂಕು ಹಂತದಲ್ಲಿ ಮಹಿಳಾ ಮತ್ತು ಮಕ್ಕಳ ಯೋಜನೆಗಳು ಹಾಗೂ ಬಾಲ್ಯವಿವಾಹ ತಡೆ.
ಉ) ಜಿಲ್ಲಾ ಮಕ್ಕಳ ರಕ್ಷಣಾ ಘಟಕ: ಮನೆ ಭೇಟಿ, ಕುಟುಂಬದ ಸ್ಥಿತಿಗತಿಯ ವರದಿ, ಪ್ರಾಯೋಜಕತ್ವದ ಅರ್ಜಿಗಳ ನಿರ್ವಹಣೆ.
ಊ) ಮಕ್ಕಳ ಕಲ್ಯಾಣ ಸಮಿತಿ: ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರನ್ನೊಳಗೊಂಡ ಈ ಸಮಿತಿಯು ಮಗುವಿನ ಪಾಲನೆ, ವಸತಿ ಮತ್ತು ಪುನರ್ವಸತಿಯ ಬಗ್ಗೆ ಆದೇಶ ನೀಡುವ ಅಧಿಕಾರ ಹೊಂದಿದೆ.

5. ಪ್ರಾಯೋಜಕತ್ವ ಯೋಜನೆ

ಬಡತನದ ಕಾರಣದಿಂದ ಮಗು ಮನೆಯನ್ನು ತೊರೆದು ಬಾಲಮಂದಿರ ಸೇರುವುದನ್ನು ತಪ್ಪಿಸಿ, ಸ್ವಂತ ಕುಟುಂಬದಲ್ಲಿಯೇ ಇದ್ದು ಓದು ಮುಂದುವರಿಸಲು ನೆರವಾಗುವುದು ಈ ಯೋಜನೆಯ ಉದ್ದೇಶವಾಗಿದೆ. ಮಿಷನ್ ವಾತ್ಸಲ್ಯ ಮಾರ್ಗಸೂಚಿಯನ್ವಯ ಅರ್ಹ ಮಗುವಿಗೆ ಮಾಹೆಯಾನ ರೂ. 4,000 ನೆರವು ನಿಗದಿಯಾಗಿದೆ. ಕುಟುಂಬದ ವಾರ್ಷಿಕ ಆದಾಯವು ಗ್ರಾಮೀಣ ಪ್ರದೇಶದಲ್ಲಿ ರೂ. 72,000 ಹಾಗೂ ಇತರೆ ಪ್ರದೇಶಗಳಲ್ಲಿ ರೂ. 96,000 ಮೀರಿರಬಾರದು.

ಅರ್ಜಿ ಸಲ್ಲಿಸುವ ವಿಧಾನ:

ಅ) ತಾಯಿ, ತಂದೆ ಅಥವಾ ಪಾಲಕರು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ದೂರದ ಗ್ರಾಮಗಳವರು ಮೊದಲು ಸಿ.ಡಿ.ಪಿ.ಓ. ಕಚೇರಿಯಲ್ಲಿ ಅಥವಾ ಅಂಗನವಾಡಿ ಕಾರ್ಯಕರ್ತೆಯರಲ್ಲಿ ಮಾಹಿತಿ ಪಡೆಯಬಹುದು.
ಆ) ಅರ್ಜಿಗೆ ಪೂರಕವಾಗಿ ಮಗುವಿನ ವಯಸ್ಸಿನ ದಾಖಲೆ, ವ್ಯಾಸಂಗ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವಾಸಸ್ಥಳದ ದಾಖಲೆ, ಬ್ಯಾಂಕ್ ಖಾತೆಯ ವಿವರ ಹಾಗೂ ಸಂದರ್ಭಾನುಸಾರ ಮರಣ ಪ್ರಮಾಣಪತ್ರ ಅಥವಾ ವೈದ್ಯಕೀಯ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು.
ಇ) ಘಟಕದ ಸಿಬ್ಬಂದಿ ಮನೆಗೆ ಭೇಟಿ ನೀಡಿ ವರದಿ ಸಿದ್ಧಪಡಿಸುತ್ತಾರೆ. ನಂತರ ಜಿಲ್ಲಾ ಮಟ್ಟದ ಪ್ರಾಯೋಜಕತ್ವ ಮತ್ತು ಪೋಷಕತ್ವ ಅನುಮೋದನಾ ಸಮಿತಿಯು ತೀರ್ಮಾನ ಕೈಗೊಳ್ಳುತ್ತದೆ.
ಈ) ಮಗು ಶಾಲೆಗೆ ಕ್ರಮವಾಗಿ ಹಾಜರಾಗುವುದು ಅವಶ್ಯಕ.

ಅರ್ಜಿ ಸಲ್ಲಿಸಿದ ಬಗ್ಗೆ ದಿನಾಂಕ ಸಹಿತ ಸ್ವೀಕೃತಿ ಪಡೆದು ಜೋಪಾನವಾಗಿಡುವುದು. ಮಗು ಬೇರೆ ಶಾಲೆಗೆ ಸೇರಿದಲ್ಲಿ ಘಟಕಕ್ಕೆ ಲಿಖಿತವಾಗಿ ತಿಳಿಸತಕ್ಕದ್ದು.

6. ತುರ್ತು ಸಂದರ್ಭಗಳು

ಅ) ಮಗು ಅಪಾಯದಲ್ಲಿದ್ದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಮಗುವೇ ಸ್ವತಃ ಕರೆ ಮಾಡಬಹುದು.
ಆ) ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವನ್ನು ಪ್ರಯಾಣದ ಅವಧಿ ಹೊರತುಪಡಿಸಿ 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸತಕ್ಕದ್ದು.
ಇ) ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯ್ದೆ, 2012ರನ್ವಯ ದೌರ್ಜನ್ಯದ ಮಾಹಿತಿಯುಳ್ಳ ಯಾರೇ ಆಗಲಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಾಲೆಯ ಗೌರವಕ್ಕೆ ಕುಂದಾಗುವುದೆಂದು ಮುಚ್ಚಿಡುವುದು ಶಿಕ್ಷಾರ್ಹ ಅಪರಾಧ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸುವ ಸ್ಥಳದಲ್ಲಿ ಪಡೆಯಲಾಗುವುದು. ಆ ವೇಳೆ ಅಧಿಕಾರಿಗಳು ಸಮವಸ್ತ್ರದಲ್ಲಿರುವಂತಿಲ್ಲ.
ಈ) ಬಾಲ್ಯವಿವಾಹದ ಸಿದ್ಧತೆ ಕಂಡುಬಂದಲ್ಲಿ ಸಿ.ಡಿ.ಪಿ.ಓ. ಅಥವಾ ಪೊಲೀಸ್ ಠಾಣೆಗೆ ತಿಳಿಸುವುದು. ವಿವಾಹಕ್ಕೆ ಹುಡುಗಿಗೆ 18 ಮತ್ತು ಹುಡುಗನಿಗೆ 21 ವರ್ಷ ತುಂಬಿರಬೇಕು.

7. ಗೌಪ್ಯತೆ

ಮಗುವಿನ ಕಾಯಿಲೆ, ಕುಟುಂಬದ ಸ್ಥಿತಿ ಅಥವಾ ಮಗು ಅನುಭವಿಸಿದ ದೌರ್ಜನ್ಯದ ವಿವರಗಳನ್ನು ತರಗತಿಯಲ್ಲಿ, ಪ್ರಾರ್ಥನಾ ಸಭೆಯಲ್ಲಿ ಅಥವಾ ಸೂಚನಾ ಫಲಕದಲ್ಲಿ ಬಹಿರಂಗಪಡಿಸಬಾರದು. ನೆರವು ಪಡೆಯುವ ಮಗುವಿಗೆ ಸಹಪಾಠಿಗಳೆದುರು ಮುಜುಗರವಾದಲ್ಲಿ, ನೆರವಿದ್ದರೂ ಅದು ಶಾಲೆಯಿಂದ ದೂರವಾಗುವ ಸಂಭವವಿರುತ್ತದೆ.

8. ದೂರು ಮತ್ತು ಮೇಲ್ಮನವಿ

ಪ್ರವೇಶ ನಿರಾಕರಣೆ ಮುಂತಾದ ಶಿಕ್ಷಣ ಹಕ್ಕಿನ ಉಲ್ಲಂಘನೆಯ ಬಗ್ಗೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಬಹುದು. ಮೂರು ತಿಂಗಳೊಳಗೆ ತೀರ್ಮಾನವಾಗತಕ್ಕದ್ದು. ಅದರಿಂದ ತೃಪ್ತರಾಗದವರು ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ವಿರುದ್ಧ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ, ಪ್ರಾಯೋಜಕತ್ವ ಮತ್ತು ಪೋಷಕತ್ವದ ವಿಷಯದಲ್ಲಿ ಜಿಲ್ಲಾ ದಂಡಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಯಾವ ಕಚೇರಿಗೆ ಹೋಗಬೇಕೆಂದು ತಿಳಿಯದಿದ್ದಲ್ಲಿ ಪಾಲಕರು ಮೊದಲು ಮಗು ಓದುತ್ತಿರುವ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣುವುದು. ದಾಖಲೆಗಳು ಪೂರ್ಣವಾಗಿಲ್ಲವೆಂದು ಕಾಯುತ್ತ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು. ದಾಖಲೆಗಳನ್ನು ನಂತರವೂ ಒದಗಿಸಬಹುದು, ಕಳೆದುಹೋದ ಶಾಲಾ ದಿನಗಳು ಮರಳಿ ಬರುವುದಿಲ್ಲ.