ಓಡ್ಲಿಕ್ಕೆ ಮನಸ್ಸ ಬರವಲ್ತು

ಮೂರು ತಿಂಗಳಾತು ನೋಡ್ರಿ ಓಡೂ ಬೂಟು ತಂದು. ಬಾಗಲ ಹಿಂದ ಡಬ್ಬಿಯೊಳಗನ ಕೂತಾವ. "ಸಕ್ಕರಿ ಅಂಚಿಗೆ ಬಂದದ, ನಡದ್ರ ಛಲೋ, ಓಡಿದ್ರ ಇನ್ನೂ ಛಲೋ" ಅಂತ ಡಾಕ್ಟರು ಹೇಳಿದ ಮರುದಿನನ ತಂದಿದ್ದೆ. ದಿನಾ ರಾತ್ರಿ ಐದಕ್ಕ ಅಲಾರಾಂ ಇಡೂದು, ಮುಂಜಾನೆ ಅದರ ಬಾಯಿ ಮುಚ್ಚೂದು. ಒಂದಿನ ಥಂಡಿ, ಒಂದಿನ ಜಿಟಿಜಿಟಿ ಮಳಿ, ಒಂದಿನ ಏಕಾದಶಿ. ನೆವ ಬೇಕಾದ್ರ ಪಂಚಾಂಗ ತಗದ್ರ ಸಾಕು, ನಿಮಗೂ ಗೊತ್ತದ.

ಖರೇ ನೆವ ಬ್ಯಾರೆನ ಇತ್ತು. ನಲವತ್ತೇಳು ವರ್ಷದಾಕಿ ಕೆಲಗೇರಿ ಕೆರಿ ದಂಡಿಮ್ಯಾಲೆ ಏದುಸಿರು ಬಿಟಗೋತ ಓಡಿದ್ರ ನೋಡಿದವರು ಏನಂದಾರು?

ಇದನ್ನ ಅವ್ವನ ಮುಂದ ಹೇಳಿದೆ. ಅಕಿ ಅವರಿಕಾಯಿ ಸುಲಕೋತ ಕೂತಿದ್ಲು. ತಲಿ ಎತ್ತದನ ಅಂದ್ಲು: "ಏಳನೇತ್ತಾದಾಗ ನಾನು ಸಾಲ್ಯಾಗ ಓಟದಾಗ ಮೊದಲನೇಕಿ ಬರತಿದ್ದೆ. ದೊಡ್ಡಾಕಿ ಆದ ಮ್ಯಾಲೆ ನಮ್ಮವ್ವ, ಇನ್ನ ಓಡಬ್ಯಾಡ, ಗರ್ಭಚೀಲ ಜಾರತದ ಅಂದ್ಲು. ಬಿಟ್ಟೆ." ಅದು 1963ರ ಮಾತು. ಇಷ್ಟು ವರ್ಷದಾಗ ಒಮ್ಮೆನೂ ನನಗ ಇದನ್ನ ಹೇಳಿರಲಿಲ್ಲ.

ಅವತ್ತಿನಿಂದ ಈ ಅಂಜಿಕಿ ಎಲ್ಲಿಂದ ಬಂತು ಅಂತ ಓದ್ಲಿಕ್ಕೆ ಹತ್ತಿದೆ. ನಮ್ಮಜ್ಜಿ ಒಬ್ಬಾಕೀನ ಅಂಜಿದ್ದಿಲ್ಲರಿ. ಅಮೇರಿಕಾದಾಗ, ಯುರೋಪಿನ್ಯಾಗ ಕಲತವರೂ ಇದನ್ನ ಹೇಳತಿದ್ರು.

1928ರಾಗ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನ್ಯಾಗ ಮೊದಲನೇ ಸಲ ಹೆಣ್ಣುಮಕ್ಕಳಿಗೆ 800 ಮೀಟರ್ ಓಟ ಇಟ್ಟರು. ಕಡೀ ಸುತ್ತಿನ್ಯಾಗ ಒಂಬತ್ತು ಮಂದಿ ಓಡಿದ್ರು, ಒಂಬತ್ತೂ ಮಂದಿ ಮುಗಿಸಿದ್ರು. ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆ ಮಾಡಿ ಗೆದ್ಲು. ಎರಡನೇದಾಕಿ ಜಪಾನಿನ ಕಿನುಯೆ ಹಿತೋಮಿ, ಆ ದೇಶಕ್ಕ ಒಲಿಂಪಿಕ್ ಪದಕ ತಂದ ಮೊದಲನೇ ಹೆಣ್ಣುಮಗಳು. ಓಡಿ ದಣಿದವರು ಹುಲ್ಲಿನ ಮ್ಯಾಲೆ ಕೂತ್ರು, ಮಲಗಿದ್ರು. ಗಂಡಸರೂ ಹಂಗನ ಮಾಡತಾರ. ಆದ್ರ ಪೇಪರಿನವರು "ಹೆಂಗಸರು ಸೋತು ಬಿದ್ರು, ನೋಡ್ಲಿಕ್ಕಾಗಲಿಲ್ಲ" ಅಂತ ಹಾಕಿ ಬರದ್ರು. ಆ ಓಟ ತಗದ ಹಾಕಿದ್ರು. ತಿರುಗಿ ಬಂದಿದ್ದು 1960ರಾಗ. ಮೂವತ್ತೆರಡು ವರ್ಷ! ಅಷ್ಟರಾಗ ಎಷ್ಟು ಹುಡುಗ್ಯಾರು ನಮ್ಮವ್ವನಂಗ ಸುಮ್ಮನ ಬಿಟ್ಟಿದ್ದಾರು, ಯಾರ ಲೆಕ್ಕ ಇಟ್ಟಾರ?

ನನಗ ಭಾಳ ಹಿಡಿಸಿದ್ದು ಬಾಬಿ ಗಿಬ್ ಅನ್ನೋಕಿ ಕಥಿ. 1966ರಾಗ ಅಕಿಗೆ ಇಪ್ಪತ್ಮೂರು ವರ್ಷ. ಬಾಸ್ಟನ್ ಮ್ಯಾರಥಾನಿಗೆ ಅರ್ಜಿ ಹಾಕಿದ್ಲು. ಅಷ್ಟು ದೂರ ಓಡೂದು ಹೆಣ್ಣಿನ ದೇಹಕ್ಕ ಆಗೂದಿಲ್ಲ ಅಂತ ಪತ್ರ ಬಂತು. ಅಕಿ ಕ್ಯಾಲಿಫೋರ್ನಿಯಾದಿಂದ ಬಸ್ ಹತ್ತಿ, ದಿನಗಟ್ಟಲೆ ಕೂತು ತವರುಮನಿಗೆ ಬಂದ್ಲು. ಅಪ್ಪ, ಇಕಿಗೆ ತಲಿ ಕೆಟ್ಟದ ಅಂದ. ಅವ್ವ ಮಾತ್ರ ಕಾರಿನ್ಯಾಗ ಕೂಡಿಸಿಕೊಂಡು ಓಟ ಸುರು ಆಗೂ ಊರಿಗೆ ಬಿಟ್ಟು ಬಂದ್ಲು.

ಹುಡುಗಿ ಅಣ್ಣತಮ್ಮಂದಿರ ಚಡ್ಡಿ ಹಾಕ್ಕೊಂಡು, ತಲಿ ಮ್ಯಾಲೆ ಟೊಪ್ಪಿಗಿ ಎಳಕೊಂಡು, ಕಂಟಿಯೊಳಗ ಅಡಗಿ ನಿಂತ್ಲು. ಸ್ವಲ್ಪ ಗಂಡಸರು ದಾಟಿದ ಮ್ಯಾಲೆ ಗುಂಪಿನ್ಯಾಗ ಸೇರಿದ್ಲು. ಹಿಂದ ಬರೋರಿಗೆ ಗೊತ್ತಾತು. ಅವರು ಬೈಲಿಲ್ಲರಿ, ನಿನ್ನ ಯಾರೂ ಹೊರಗ ಹಾಕಧಂಗ ನಾವು ನೋಡತೇವಿ ಅಂದ್ರು. ಹೊಸಾ ಬೂಟು ಕಚ್ಚಿ ಕಾಲು ಗುಳ್ಳಿ ಎದ್ದಿದ್ವು. ಆದ್ರೂ 42 ಕಿಲೋಮೀಟರು 3 ತಾಸು 21 ನಿಮಿಷದಾಗ ಮುಗಿಸಿದ್ಲು, ಅರ್ಧಕ್ಕಿಂತ ಹೆಚ್ಚು ಗಂಡಸರನ್ನ ಹಿಂದ ಹಾಕಿ. ಅಕಿ ಗೆದ್ದದ್ದನ್ನ ಅಲ್ಲಿಯವರು ಒಪ್ಪಿಕೊಂಡಿದ್ದು ಮಾತ್ರ 1996ರಾಗ.

ಮರುವರ್ಷ ಕ್ಯಾಥರಿನ್ ಸ್ವಿಟ್ಜರ್ ಬರೇ ಇನಿಶಿಯಲ್ ಬರದು 261 ನಂಬರ್ ತಗೊಂಡು ಓಡಿದ್ಲು. ಹಾದ್ಯಾಗ ಒಬ್ಬ ಅಧಿಕಾರಿ ಆ ಚೀಟಿ ಹರೀಲಿಕ್ಕೆ ಮೈಮ್ಯಾಲೆ ಬಂದ. ಆದ್ರೂ ಮುಗಿಸಿದ್ಲು. 1972ರಾಗ ಬಾಸ್ಟನ್‌ದಾಗ, 1984ರಾಗ ಒಲಿಂಪಿಕ್ಸಿನ್ಯಾಗ ಹೆಣ್ಣುಮಕ್ಕಳ ಮ್ಯಾರಥಾನಿಗೆ ಬಾಗಲಾ ತಗೀತು. ಅದs ಲಾಸ್ ಏಂಜಲೀಸ್ ಒಲಿಂಪಿಕ್ಸಿನ್ಯಾಗನ ನಮ್ಮ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸಿನ್ಯಾಗ ಸೆಕೆಂಡಿನ ನೂರರಾಗ ಒಂದು ಪಾಲಿಗೆ ಕಂಚು ಕಳಕೊಂಡ್ಲು. ಆ ಓಟಾನೂ ಹೆಣ್ಣುಮಕ್ಕಳಿಗೆ ಅವತ್ತs ಮೊದಲನೇದು.

ಇದನ್ನೆಲ್ಲಾ ಅವ್ವಗ ಓದಿ ಹೇಳಿದೆ. ಕಂಟಿಯೊಳಗ ಅಡಗಿದ್ದಕ್ಕ ನಕ್ಲು. ಆಮ್ಯಾಲೆ ಕೇಳಿದ್ದು ಒಂದs ಪ್ರಶ್ನೆ: "ಅವರವ್ವ ಬಿಟ್ಟು ಬಂದ್ಲಾ?"

ಮರುದಿನ ನಸುಕಿನ್ಯಾಗ ಅಲಾರಾಂ ಹೊಡಿಯೂಕಿಂತ ಮುಂಚೆ ಅವ್ವ ದೀಪ ಹಚ್ಚಿದ್ಲು. ಶಾಲು ಹೊದ್ದು, ಬೂಟಿನ ಡಬ್ಬಿ ಕೈಯಾಗ ಹಿಡಕೊಂಡು ನಿಂತಿದ್ಲು. ಏನ ನೆವ ಹೇಳಲಿ?

ಕೆರಿ ಕಡೆ ಹೋದ್ವಿ. ಅಕಿ ಕಟ್ಟಿಮ್ಯಾಲೆ ಕೂತ್ಲು. ನಾ ಒಂದು ಲೈಟಿನ ಕಂಬದಿಂದ ಇನ್ನೊಂದು ಕಂಬದ ತನಕ ಓಡೂದು, ಮುಂದ ಎರಡು ಕಂಬ ನಡಿಯೂದು. ಹಿಂಗ ಆರು ಸಲ. ನೋಡಿದವರು ಏನೂ ಅನ್ನಲಿಲ್ಲರಿ, ಅವರವರ ಮಫ್ಲರ್ ಅವರವರಿಗೆ ಆಗಿತ್ತು. ತಿರುಗಿ ಬರೂದರಾಗ ಅವ್ವ ಚಪ್ಪಲಿ ಕಳದು ಕೂತಿದ್ಲು.

"ಆ ಕಂಬದ ತನಕ ನಾನೂ ಬರ್ತೀನಿ" ಅಂದ್ಲು. ಓಡಲಿಲ್ಲ, ಮೊಣಕಾಲು ಕೇಳೂದಿಲ್ಲ. ಆದ್ರ ಸೀರಿ ನಿರಿಗಿ ಎತ್ತಿ ಹಿಡದು, ನನ್ನ ಮುಂದ ಬಿರಬಿರ ನಡದ್ಲು.

ಓಣಿಯವರ, ವೈನಿ, ಮಾವಶಿ, ನಿಮ್ಮ ಬೂಟು ಯಾವ ಬಾಗಲ ಹಿಂದ ಅದಾವ ನನಗ ಗೊತ್ತದ. ನಾಳೆ ಐದೂವರಿಗೆ ನಿಮ್ಮ ಗೇಟಿನ ಮುಂದ ಬಂದು ನಿಂದರತೇವಿ. ಕರೀಲಿಕ್ಕೆ ಅವ್ವ ಇರತಾಳ. ಅಕಿ ದನಿ ನಿಮಗ ಗೊತ್ತದಲ್ಲ?